ಕ್ರಿಕೆಟ್ ಬರಹ ಮತ್ತು ಇತಿಹಾಸ: ಶ್ರೀ ರಾಮಚಂದ್ರ ಗುಹಾ ಅವರ ಕೃತಿಗಳ ಒಂದು ಪರಿಶೀಲನೆ

ಶಾಸನ, ಕಡತ, ಭೂಕಂದಾಯದ ಲೆಕ್ಕಪತ್ರಗಳಿಗೆ ಇತಿಹಾಸಕಾರರಲ್ಲಿ ಸಲ್ಲುವ ಮನ್ನಣೆ ಆಟದ ವೃತ್ತಾಂತಗಳಿಗೆ ಬಹುಮಟ್ಟಿಗೆ ಸಂದಿಲ್ಲ. ಕ್ರೀಡೆ ವಿನೋದದ ವಿಷಯ, ವಿದ್ವತ್ತಿನ ವಿಷಯವಲ್ಲವೆಂಬ ಭಾವನೆಯೇ ಇದಕ್ಕೆ ಕಾರಣವೆಂದು ತೋರುತ್ತದೆ. ಈ ಉಪೇಕ್ಷೆ ಎಷ್ಟುಮಟ್ಟಿಗೆ ಸಾಧುವೆಂಬುದನ್ನು ಬೆಂಗಳೂರಿನ ನಿವಾಸಿಗಳಾದ ಶ್ರೀ ರಾಮಚಂದ್ರ ಗುಹಾ ಅವರ ಕ್ರಿಕೆಟ್ ಬರಹಗಳ ಆಧಾರದಿಂದ ವಿಚಾರ ಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

ಗುಹಾ ಅವರು 1958ರಲ್ಲಿ ಡೆಹ್ರಾಡೂನಿನಲ್ಲಿ ಜನಿಸಿದರು. ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕ್ರಿಕೆಟ್ ಆಡಿದರು. ಬಾಲ್ಯದಲ್ಲಿ ಉತ್ತರದ ಗಿರಿಪ್ರಾಂತದಲ್ಲಿದ್ದರೂ ಅವರ ಅಭಿಮಾನ ಕರ್ನಾಟಕದ ತಂಡದ ಮೇಲೆಯೇ ನೆಲೆಸಿತ್ತು. ಅವರ ಸೋದರಮಾವ ಶ್ರೀ ದುರೈಸ್ವಾಮಿಯವರು ಬೆಂಗಳೂರಿನ ಫ್ರೆಂಡ್ಸ್ ಯೂನಿಯನ್ ಕ್ರಿಕೆಟ್ ಕ್ಲಬ್ಬಿನ ಜೀವಾಳವಾಗಿದ್ದುದೇ ಈ ಅಭಿಮಾನದ ಮೂಲ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಇವರ ಆಟವನ್ನು ಕುರಿತ ಪ್ರೀತಿ 'ವಿಕೆಟ್ಸ್ ಇನ್ ದಿ ಈಸ್ಟ್' (1992) ಮೊದಲಾದ ಆರಂಭದ ಪುಸ್ತಕಗಳಲ್ಲಿ ತುಂಬಿದೆ. ಅವು ರಸಿಕನ ಬರಹಗಳು. 2002ರಲ್ಲಿ ಪ್ರಕಟವಾದ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಮಾತ್ರ ಬೇರೆ ಜಾತಿಯ ಗ್ರಂಥ. ಜನಾಂಗ, ಜಾತಿ, ಧರ್ಮ, ರಾಷ್ಟ್ರ ಎಂಬ ನಾಲ್ಕು ಭಾಗಗಳಲ್ಲಿ ಅದು ವಸಾಹತು ಕಾಲದ ಭಾರತೀಯ ಸಮಾಜವನ್ನೇ ವಿವೇಚಿಸುತ್ತದೆ.

ಈ ಗ್ರಂಥದ ತಿರುಳು ಪಾಲ್ವಣಕರ್ ಬಾಲೂ ಅವರ ಚರಿತ್ರೆ. ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಸ್ಪೃಶ್ಯವೆಂದು ಎಣಿಸಲಾಗಿದ್ದ ಚಮ್ಮಾರ ಕುಲದಲ್ಲಿ. ಇವರ ತಂದೆ ಸೈನ್ಯದ ಸೇವೆಯಲ್ಲಿದ್ದರು. ದಂಡು ಇದ್ದೆಡೆಗೆ ಕ್ರಿಕೆಟ್ ಬಂದಿತೆಂಬುದು ಇಂದಿರಾನಗರದಲ್ಲಿ ಕುಳಿತು ಬರೆಯುತ್ತಿರುವ ನಮಗೆ ಅಪರಿಚಿತ ಸಂಗತಿಯಲ್ಲ. ಹಲಸೂರಿನ ಆಚೆಗೆ 1809ರಿಂದ ಬೆಳೆದ ಬ್ರಿಟಿಷ್ ದಂಡಿನ ನೆರೆಯಲ್ಲಿಯೇ ಈ ಬಡಾವಣೆ ಇದೆ. ಪುಣೆಯ ದಂಡಿನಲ್ಲಿಯೂ ಹಾಗೆಯೇ. ಅಲ್ಲಿ ಬಾಲೂ ಕೆಲವೇ ರೂಪಾಯಿಗಳ ತಿಂಗಳ ಸಂಬಳಕ್ಕೆ ಮೈದಾನವನ್ನು ಹಸನು ಮಾಡುವ ಆಳಾಗಿ ಸೇರಿ, ಐರೋಪ್ಯ ಆಟಗಾರರಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತ, ಎಡಗೈ ಸ್ಪಿನ್ ಬೋಲಿಂಗಿನಲ್ಲಿ ಅಸಾಧಾರಣ ನೈಪುಣ್ಯ ಪಡೆದರು. ದಾಂಡು ಹಿಡಿಯುವ ಅವಕಾಶ ಮಾತ್ರ ಅವರಿಗೆ ಅಲ್ಲಿ ದೊರೆಯಲಿಲ್ಲ.

ಐರೋಪ್ಯರನ್ನು ಸೋಲಿಸಬೇಕೆಂಬ ಹಂಬಲದಿಂದ ಪುಣೆಯ ಹಿಂದೂಗಳು ಬಾಲೂವನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದವರು ಚಹಾ ವಿರಾಮದಲ್ಲಿ ಅವರಿಗೆ ಹೊರಗಡೆ ಪ್ರತ್ಯೇಕ ಪಾತ್ರೆಯಲ್ಲಿ ಚಹಾ ಕೊಡುತ್ತಿದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ತಂಡದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ಪಡೆದ ಈ ಆಟಗಾರನಿಗೆ ಹಿಂದೂ ತಂಡದ ನಾಯಕತ್ವ ಕಡೆಯವರೆಗೂ ದಕ್ಕಲಿಲ್ಲ. 1920ರಲ್ಲಿ ಅವರ ತಮ್ಮಂದಿರು ಇದನ್ನು ಬಹಿರಂಗವಾಗಿ ಪ್ರತಿಭಟಿಸಿದರು. 1923ರಲ್ಲಿ ತಮ್ಮ ವಿಠ್ಠಲ್ ನಾಯಕನಾದಾಗ ಆ ಅನ್ಯಾಯಕ್ಕೆ ತಕ್ಕಮಟ್ಟಿನ ಪರಿಹಾರ ದೊರೆಯಿತು. ತಾರುಣ್ಯದಲ್ಲಿ ಬಾಲೂವನ್ನು ಮೆಚ್ಚಿದ್ದ ಡಾ. ಅಂಬೇಡ್ಕರರ ಎದುರಿಗೇ 1937ರ ಮುಂಬಯಿ ಚುನಾವಣೆಯಲ್ಲಿ ಬಾಲೂ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ನಿಂತು ಸೋತುದು ಆ ಕಾಲದ ರಾಜಕೀಯದ ಕಠಿಣ ವಿಪರ್ಯಾಸ. 1955ರಲ್ಲಿ ಬಾಲೂ ನಿಧನರಾದರು.

ಇಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಆಟದ ಅಂಕಪಟ್ಟಿಯಲ್ಲಿ ಬಾಲೂ ಅವರ ವಿಕೆಟ್ಟುಗಳಿವೆ. ಆ ಪ್ರತ್ಯೇಕ ಪಾತ್ರೆ ಇಲ್ಲ. ಅಂಕಪಟ್ಟಿಯೊಂದನ್ನೇ ನಂಬಿದವನಿಗೆ ಮೈದಾನವು ಸಮಾನತೆಯ ನೆಲೆಯಾಗಿ ಕಾಣುತ್ತದೆ. ಹಳೆಯ ವೃತ್ತಪತ್ರಿಕೆಗಳನ್ನೂ ವಿಠ್ಠಲ್ ಮರಾಠಿಯಲ್ಲಿ ಬರೆದ ಆತ್ಮಕಥೆಯನ್ನೂ ಅಂಕಪಟ್ಟಿಯ ಪಕ್ಕದಲ್ಲಿಟ್ಟು ಓದಿದುದರಿಂದಲೇ ಗುಹಾ ಅವರಿಗೆ ನಿಜಸ್ಥಿತಿ ಗೋಚರವಾಯಿತು. ಸಾಮಾನ್ಯ ಕ್ರೀಡಾಲೇಖಕನಿಗೂ ಇವರಿಗೂ ಇರುವ ಅಂತರ ಇದೇ ಎಂದು ನಮ್ಮ ಅಭಿಪ್ರಾಯ. ಒಬ್ಬ ವ್ಯಕ್ತಿಯ ಜೀವನದ ಮೇಲೆ ಇಷ್ಟು ಭಾರ ಹೊರಿಸುವುದು ಯುಕ್ತವೇ ಎಂಬ ಆಕ್ಷೇಪಣೆಯನ್ನು ಯಾರಾದರೂ ಎತ್ತಬಹುದು. ಬಾಲೂ ಅವರಂತಹ ಪ್ರತಿಭೆಯಿಲ್ಲದ ಸಾಮಾನ್ಯ ದಲಿತನ ಪಾಡನ್ನು ಈ ಕಥೆ ಹೇಳಲಾರದೆಂಬುದು ನಿಜ. ಆದರೆ ಅಷ್ಟು ದೊಡ್ಡ ಪ್ರತಿಭೆಗೂ ಒದಗಿದ ಅಡ್ಡಿಗಳನ್ನು ಕಂಡ ಮೇಲೆ ಉಳಿದವರ ಪಾಡನ್ನು ಊಹಿಸುವುದು ಕಷ್ಟವಲ್ಲ.

2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ರಿಕೆಟ್ ಮಂಡಳಿಯ ಆಡಳಿತಕ್ಕೆಂದು ನೇಮಿಸಿದ ಸಮಿತಿಯಲ್ಲಿ ಗುಹಾ ಅವರೂ ಒಬ್ಬರಾಗಿದ್ದು, ಕೆಲವೇ ತಿಂಗಳುಗಳಲ್ಲಿ ರಾಜೀನಾಮೆಯಿತ್ತರು. 'ದಿ ಕಾಮನ್‌ವೆಲ್ತ್ ಆಫ್ ಕ್ರಿಕೆಟ್' (2020) ಎಂಬ ಕೃತಿಯಲ್ಲಿ ಈ ಅನುಭವವನ್ನೂ ಸೋದರಮಾವನ ಕ್ಲಬ್ಬಿನ ನೆನಪುಗಳನ್ನೂ ನಿರೂಪಿಸಿದ್ದಾರೆ.

ಧಾರವಾಡದಲ್ಲಿ ಹುಟ್ಟಿದವನ ಕಥೆಯನ್ನು ವಿಸ್ತಾರವಾಗಿ ಓದಲು ನಾವು ಇಂಗ್ಲಿಷ್ ಗ್ರಂಥವನ್ನು ತೆರೆಯಬೇಕಾಯಿತೆಂಬುದು ಸಂಕೋಚದ ವಿಷಯ. ನಮ್ಮ ಊರುಗಳ ಕ್ಲಬ್ಬುಗಳ ಅಂಕಪುಸ್ತಕಗಳೂ ಸದಸ್ಯರ ಪಟ್ಟಿಗಳೂ ಹಳೆಯ ಕಾಗದದ ಜೊತೆ ತೂಕಕ್ಕೆ ಹೋಗುವ ಮುನ್ನ ಅವನ್ನು ಸಂಗ್ರಹಿಸುವ ಕಾರ್ಯವನ್ನು ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಕೈಗೊಳ್ಳುವುದಾದರೆ ಈ ಲೇಖನದ ಶ್ರಮ ಸಾರ್ಥಕವಾದಂತೆ.