ಪಿತ್ತದ ಗಂಧೆ: ಎದ್ದು ಮಾಯವಾಗುವ ದದ್ದಿನ ಚರಿತ್ರೆ

ಮೈಯಲ್ಲಿ ಇದ್ದಕ್ಕಿದ್ದಂತೆ ತುರಿಕೆ ಹುಟ್ಟಿ ಕೆಂಪು ದದ್ದುಗಳೇಳುತ್ತವೆ. ಕೆಲವು ಗಂಟೆಗಳಲ್ಲಿ ಗುರುತೂ ಉಳಿಯದಂತೆ ಅಡಗಿ, ಮತ್ತೊಂದು ಕಡೆ ಕಾಣಿಸಿಕೊಳ್ಳುತ್ತವೆ. ಕನ್ನಡಿಗರು ಇದನ್ನು ಪಿತ್ತದ ಗಂಧೆ ಎನ್ನುತ್ತಾರೆ. ದೊಡ್ಡಪತ್ರೆಯ ರಸ ಸವರುವುದು, ಕಂಬಳಿ ಹೊದಿಸುವುದು, ಶುಂಠಿ-ಬೆಲ್ಲ ತಿನ್ನಿಸುವುದು ಇದಕ್ಕೆ ಬಳಕೆಯಲ್ಲಿರುವ ಮನೆಮದ್ದುಗಳು.

ಕಲಬುರಗಿ ನಗರಕ್ಕೆ ಹೊಂದಿಕೊಂಡಿರುವ ತಾಜಸುಲ್ತಾನಪುರದ ಸುತ್ತಿನ ಸೀಮೆಯಲ್ಲಿ ಮನೆಮದ್ದಿನ ಜೊತೆಗೆ ಎರಡು ವೈದ್ಯಶಾಸ್ತ್ರಗಳೂ ಶತಮಾನಗಳಿಂದ ಬಾಳಿವೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿಯಾಯಿತು. ಆಯುರ್ವೇದವಿದ್ದ ನಾಡಿಗೆ ಯುನಾನಿಯೂ ಬಂದು ಬೇರೂರಿತು. ರಾಜಧಾನಿ ಬೀದರಿಗೆ ಹೋದ ಮೇಲೆ, ಎರಡನೆಯ ಅಲಾವುದ್ದೀನ್ ಅಹ್ಮದ್ (1436–1458) ಅಲ್ಲಿ ಆಸ್ಪತ್ರೆ ಕಟ್ಟಿಸಿ ಹಿಂದೂ, ಮುಸ್ಲಿಂ ವೈದ್ಯರನ್ನು ಒಟ್ಟಿಗೆ ನೇಮಿಸಿದನೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ.

ಯುನಾನಿ ಹಕೀಮರು ಈ ದದ್ದನ್ನು ‘ಶರಾ’ ಎಂದು ಕರೆದು, ರಕ್ತ, ಕಫ ಮುಂತಾದ ದ್ರವಗಳ ಏರುಪೇರಿನಿಂದ ಬರುತ್ತದೆಂದರು. ಆಯುರ್ವೇದದ ‘ಮಾಧವ ನಿದಾನ’ ಇದನ್ನು ಶೀತಪಿತ್ತ ಎನ್ನುತ್ತದೆ. ತಂಪುಗಾಳಿ ಸೋಕಿ ಕೆರಳಿದ ಕಫ, ವಾತಗಳು ಪಿತ್ತದೊಡನೆ ಕೂಡಿ ಕಣಜ ಕಚ್ಚಿದಂಥ ಊತ ತರುತ್ತವೆಂಬುದು ಅದರ ವಿವರಣೆ. ಹೆಸರಿನಲ್ಲಿ ಪಿತ್ತವಿದ್ದರೂ ಮೊದಲ ಆರೋಪಿ ಗಾಳಿಯೇ.

ಕುತೂಹಲದ ಸಂಗತಿಯೆಂದರೆ, ದೂರದ ಚೀನದ ವೈದ್ಯರೂ ಗಾಳಿಯನ್ನೇ ದೂರಿದರು. ಅಲ್ಲಿ ಇದರ ಹಳೆಯ ಹೆಸರು ‘ಅಡಗಿರುವ ದದ್ದು’. ಗಾಳಿಯಂತೆ ಬಂದು ಹೋಗುವುದರಿಂದ ಗಾಳಿಯೇ ಕಾರಣವೆಂಬ ತರ್ಕ ಎರಡೂ ಕಡೆ ಸಹಜವಾಗಿತ್ತು. 1617ರಲ್ಲಿ ಚೆನ್ ಷಿಗೊಂಗ್ ತನ್ನ ಗ್ರಂಥದಲ್ಲಿ ದಾಖಲಿಸಿದ ‘ಗಾಳಿ ಕಳೆಯುವ ಪುಡಿ’ಯಲ್ಲಿ ಎಳ್ಳು, ಅತಿಮಧುರ, ಜೀರುಂಡೆಯ ಪೊರೆ ಮೊದಲಾದವು ಇವೆ. ಅದು ಚೀನೀ ವೈದ್ಯದಲ್ಲಿ ಇಂದಿಗೂ ಬಳಕೆಯಲ್ಲಿದೆ.

ನಿಜವಾದ ಕಾರಣದ ಸುಳಿವು ಸಿಕ್ಕಿದ್ದು 20ನೆಯ ಶತಮಾನದಲ್ಲಿ. 1910ರಲ್ಲಿ ಹೆನ್ರಿ ಡೇಲ್ ಮತ್ತು ಸಂಗಡಿಗರು ಹಿಸ್ಟಮಿನ್ ಎಂಬ ವಸ್ತುವಿನ ಪರಿಣಾಮಗಳನ್ನು ವಿವರಿಸಿದರು. ಚರ್ಮದ ಕೆಲವು ಕಣಗಳು ಇದನ್ನು ಹೊರಚೆಲ್ಲಿದಾಗ ಸಣ್ಣ ರಕ್ತನಾಳಗಳಿಂದ ನೀರು ಸೋರಿ ದದ್ದೇಳುತ್ತದೆ. ಇದನ್ನು ತಡೆಯುವ ಮೊದಲ ಔಷಧವನ್ನು 1937ರಲ್ಲಿ ಕಂಡುಹಿಡಿದವರಲ್ಲಿ ಡೇನಿಯಲ್ ಬೊವೆ ಒಬ್ಬರು. 1957ರಲ್ಲಿ ಅವರಿಗೆ ನೊಬೆಲ್ ಬಂತು.

ಹಾಗಾದರೆ ಹಳೆಯ ಮದ್ದುಗಳೆಲ್ಲ ಹೇಗೆ ಫಲಿಸಿದವು? ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಸವರಿದ ಸೊಪ್ಪಿಗೋ ಕುಡಿದ ಕಷಾಯಕ್ಕೋ ಕೀರ್ತಿ ಸಲ್ಲುತ್ತದೆ. ಸೊಪ್ಪಿನಿಂದ ಹಾನಿಯಿಲ್ಲದಿದ್ದರೆ ಚಿಂತೆಯಿಲ್ಲ. ಆದರೆ ಎಲ್ಲ ಗಿಡಮೂಲಿಕೆಯೂ ಹಾಗಲ್ಲ. ಚೆನ್‌ನ ಪುಡಿಯಲ್ಲಿ ಮು-ತೊಂಗ್ ಎಂಬ ಬಳ್ಳಿಯೂ ಸೇರುತ್ತದೆ. ಕಾಲಾಂತರದಲ್ಲಿ ಆ ಹೆಸರಿನಲ್ಲಿ ಅರಿಸ್ಟೊಲೋಕಿಯ ಕುಲದ ಬೇರೆ ಬಳ್ಳಿ ಮಾರಾಟವಾಯಿತು. ಅದರ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರನ್ನೂ ತರುತ್ತದೆ. 2003ರಲ್ಲಿ ಚೀನ ಆ ಬಳ್ಳಿಯ ಬಳಕೆಯನ್ನು ರದ್ದುಪಡಿಸಿತು. ನಮ್ಮ ಈಶ್ವರಿ ಬಳ್ಳಿಯೂ ಅದೇ ಕುಲದ್ದು.

ಹಳೆಯ ಶಾಸ್ತ್ರಗಳಲ್ಲಿ ಇಂದಿಗೂ ಉಳಿಯುವುದು ದಿನಚರಿಯ ಮಾತು. ಯಾವ ಆಹಾರದ ನಂತರ ದದ್ದೆದ್ದಿತು, ಚಳಿಗೋ ಸೆಕೆಗೋ, ಮನಸ್ಸಿನ ಉದ್ವೇಗಕ್ಕೋ ಎಂದು ಗಮನಿಸುವುದನ್ನು ಅವು ಕಲಿಸಿದವು. ಇಂದಿನ ವೈದ್ಯರೂ ಅದನ್ನೇ ಬರೆದಿಡಲು ಹೇಳುತ್ತಾರೆ. ಬಿಗಿಯುಡುಪು, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳ ಮೇಲೂ ಕಣ್ಣಿಡಬೇಕೆನ್ನುತ್ತಾರೆ. ಬೇಸಿಗೆಯ ಬಿಸಿಲು ಸುಡುವ ಕಲಬುರಗಿಯಲ್ಲಿ ಸೆಕೆ, ಬೆವರಿನಿಂದ ದದ್ದೇಳುವವರಿಗೆ ಕಂಬಳಿಗಿಂತ ತಂಪು ಬಟ್ಟೆಯೇ ಹಿತ.

ದದ್ದು 6 ವಾರ ಮೀರಿದರೆ ವೈದ್ಯರಿಗೆ ತೋರಿಸಬೇಕು. ತುಟಿ, ನಾಲಿಗೆ, ಗಂಟಲು ಊದಿ ಉಸಿರು ಕಟ್ಟಿದರೆ ಯಾವ ಪತ್ರೆಗೂ ಪುಡಿಗೂ ಕಾಯುವಂತಿಲ್ಲ. ಆಗ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಜೀವ ಉಳಿಸುವುದು.