ಠಾಣೆಯ ದಫ್ತರದಲ್ಲಿ ನಗರದ ಚರಿತ್ರೆ



ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು ಎಂಬುದು ನಿಮಗೆ ಗೊತ್ತಿರಬಹುದು. ಬೀದಿಗೆ ಕಾಲಿಟ್ಟರೆ ಸಾಕು, ಉಳಿ-ಸುತ್ತಿಗೆಯ ಸದ್ದು ಕಿವಿಗೆ ಬೀಳುತ್ತದೆ. ಅಲ್ಲಿನ ಕಲ್ಲು ಮತ್ತು ಲೋಹದ ವಿಗ್ರಹಗಳನ್ನು ಕುರಿತ ಕಾರ್ಯಕ್ರಮಕ್ಕೆಂದು ನಾವು ಹೋಗಿದ್ದಾಗ, ಹುಡುಗರು ಕ್ಯಾಮೆರಾ ಜೋಡಿಸುತ್ತಿದ್ದ ಹೊತ್ತಿನಲ್ಲಿ ಹಿರಿಯ ಶಿಲ್ಪಿಯೊಬ್ಬರು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟು ನನ್ನನ್ನು ಕೇಳಿದರು: “ಏನ್ ಸಾರ್, ಟಿ.ವಿ.ಯೋರು ನೀವೇ ಹೇಳಿ. ನನ್ ಮಗ ಬೆಂಗಳೂರಾಗೆ ಕೆಲಸಕ್ಕವ್ನೆ. ದಿನಾ ಪೇಪರ್‌ನಾಗೆ ಕೊಲೆ, ಸುಲಿಗೆ. ಆ ಊರು ನಮ್ ಕಾಲಕ್ಕಿಂತ ಕೆಟ್ಟೋಗೈತಾ, ಇಲ್ಲಾ ಪೇಪರ್‌ನೋರು ಜಾಸ್ತಿ ಬರೀತಾರಾ?”

“ಲೆಕ್ಕ ನೋಡಿ ಹೇಳ್ತೀನಿ ಆಚಾರ್ರೇ” ಎಂದೆ. ನಾನು ಓದಿದ್ದು ವಿಜ್ಞಾನ. ಅಂಕಿಗಳಿದ್ದರೆ ಉತ್ತರ ತಾನಾಗಿಯೇ ಬರುತ್ತದೆ ಎಂದು ಅಂದುಕೊಂಡಿದ್ದೆ. ಪಟ್ಟಿಗಳನ್ನು ಹರಡಿಕೊಂಡು ಕೂತ ಮೇಲೆ, ಅಂಕಿಗಳಿಗೂ ಒಂದು ಚರಿತ್ರೆ ಇದೆ, ಅದನ್ನು ಮೊದಲು ಓದಬೇಕು ಎಂಬುದು ತಿಳಿಯಿತು.

ಅಪರಾಧಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ಮುದ್ರಿಸುವ ಪದ್ಧತಿಯನ್ನು ಇಡೀ ದೇಶದ ಮಟ್ಟದಲ್ಲಿ ಆರಂಭಿಸಿದ್ದು ಫ್ರಾನ್ಸ್. 1825ನೇ ವರ್ಷದ ಲೆಕ್ಕ ಅಲ್ಲಿ 1827ರಲ್ಲಿ ಹೊರಬಂದಿತು. ನಮ್ಮಲ್ಲಿ ‘ಕ್ರೈಮ್ ಇನ್ ಇಂಡಿಯಾ’ ಎಂಬ ವಾರ್ಷಿಕ ಸಂಪುಟಗಳು 1953ರ ಲೆಕ್ಕದಿಂದ ಆರಂಭವಾಗುತ್ತವೆ. 1986ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಸ್ಥಾಪನೆಯಾದ ಮೇಲೆ ಈ ಕೆಲಸ ಅದರ ಪಾಲಿಗೆ ಬಂದಿತು. ಆ ಸಂಪುಟಗಳಲ್ಲಿ ಇರುವುದು ನಡೆದ ಅಪರಾಧಗಳಲ್ಲ, ದಾಖಲಾದ ಅಪರಾಧಗಳು. ಇದನ್ನು ಮೊದಲು ನೆನಪಿಡಿ. ಜೇಬುಗಳ್ಳತನಕ್ಕೆ ಒಳಗಾದವನು ಠಾಣೆಗೆ ಹೋಗಬೇಕು, ಠಾಣೆಯ ರೈಟರ್ ಬರೆದುಕೊಳ್ಳಬೇಕು, ಯಾವ ಕಲಮು ಎಂಬುದು ತೀರ್ಮಾನವಾಗಬೇಕು, ಎಫ್.ಐ.ಆರ್. ಆಗಬೇಕು. ಇಷ್ಟಾದ ಮೇಲೆ ಅದು ಒಂದು ಅಂಕಿ. ಈ ದಾರಿಯಲ್ಲಿ ಎಲ್ಲಿ ನಿಂತರೂ ಅಪರಾಧ ನಡೆದೇ ಇಲ್ಲವೆಂದಾಯಿತು! ಇನ್ನೊಂದು ನಿಯಮವೂ ಉಂಟು. ಒಂದೇ ಎಫ್.ಐ.ಆರ್.ನಲ್ಲಿ ಹಲವು ಅಪರಾಧಗಳಿದ್ದರೆ ಬ್ಯೂರೋ ಅತಿ ಘೋರವಾದ ಒಂದನ್ನು ಮಾತ್ರ ಎಣಿಸುತ್ತದೆ. ಕಳವಿಗೆ ಬಂದವರು ಕೊಲೆಯನ್ನೂ ಮಾಡಿದರೆ ಪಟ್ಟಿಯಲ್ಲಿ ಸೇರುವುದು ಕೊಲೆಯೊಂದೇ.

ಇನ್ನು ಜನಸಂಖ್ಯೆಯ ಮಾತು. ಬೆಂಗಳೂರಿನ ಜನಸಂಖ್ಯೆ 1951ರ ಜನಗಣತಿಯಲ್ಲಿ ಸುಮಾರು 7.8 ಲಕ್ಷ, 1981ರಲ್ಲಿ 29 ಲಕ್ಷ, 2011ರಲ್ಲಿ 85 ಲಕ್ಷ. ಅರವತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಹನ್ನೊಂದು ಪಟ್ಟು. ಲೆಕ್ಕಕ್ಕೆಂದು ಎರಡು ಸಂಖ್ಯೆಗಳನ್ನು ಕಲ್ಪಿಸಿಕೊಳ್ಳಿ. 7.8 ಲಕ್ಷ ಜನರಿದ್ದ ಊರಿನಲ್ಲಿ ವರ್ಷಕ್ಕೆ 40 ಕೊಲೆ, 85 ಲಕ್ಷ ಜನರಿರುವ ಊರಿನಲ್ಲಿ 400 ಕೊಲೆ. ಪತ್ರಿಕೆಯ ತಲೆಬರಹ ‘ಹತ್ತು ಪಟ್ಟು ಏರಿಕೆ’ ಎನ್ನುತ್ತದೆ. ಲಕ್ಷ ಜನರಿಗೆ ಎಷ್ಟು ಎಂದು ಭಾಗಿಸಿ ನೋಡಿದರೆ 5.1 ಇದ್ದದ್ದು 4.7ಕ್ಕೆ ಇಳಿದಿದೆ.

ಈ ಮಾತನ್ನು ಶಿವಾರಪಟ್ಟಣದಲ್ಲಿ ಯಾರಿಗೂ ಹೆಚ್ಚಾಗಿ ಬಿಡಿಸಿ ಹೇಳಬೇಕಾಗಿಲ್ಲ. ಶಿಲ್ಪಿ ವಿಗ್ರಹವನ್ನು ಅಡಿ-ಅಂಗುಲಗಳಲ್ಲಿ ಅಳೆಯುವುದಿಲ್ಲ, ತಾಳದಲ್ಲಿ ಅಳೆಯುತ್ತಾನೆ. ವಿಗ್ರಹದ ಮುಖದ ಉದ್ದವೇ ಒಂದು ತಾಳ, ಅದರ ಹನ್ನೆರಡನೆಯ ಒಂದು ಭಾಗ ಅಂಗುಲ. ನವತಾಳದ ಮೂರ್ತಿ ಗೇಣುದ್ದವಿದ್ದರೂ ಆಳುದ್ದವಿದ್ದರೂ 108 ಅಂಗುಲವೇ. ಅಳತೆಗೋಲು ಆ ಮೂರ್ತಿಯ ಮೈಯಿಂದಲೇ ಹುಟ್ಟುತ್ತದೆ. ‘ಲಕ್ಷಕ್ಕೆ ಇಷ್ಟು’ ಎಂಬ ಅಪರಾಧ ದರವೂ ಅಂಥದೇ ಅಳತೆ.

ಆದರೆ ಮುಖದ ಅಳತೆಯೇ ಹಳೆಯದಾಗಿದ್ದರೆ? 2022ರಲ್ಲಿ ಬೆಂಗಳೂರಿನಲ್ಲಿ 173 ಕೊಲೆ ಪ್ರಕರಣಗಳು ದಾಖಲಾದವು. ಬ್ಯೂರೋ ಇದನ್ನು ಭಾಗಿಸಿದ್ದು 2011ರ ಜನಗಣತಿಯ 85 ಲಕ್ಷದಿಂದ. ದರ ಲಕ್ಷಕ್ಕೆ 2 ಬಂದಿತು. ಜನ 1 ಕೋಟಿ 30 ಲಕ್ಷ ಇದ್ದಾರೆಂದು ಇಟ್ಟುಕೊಂಡರೆ ಅದೇ ದರ 1.3 ಆಗುತ್ತದೆ. 2021ರಲ್ಲಿ ಜನಗಣತಿ ನಡೆಯದೆ ಹೋದುದರ ಪರಿಣಾಮ ಇಲ್ಲಿಯವರೆಗೆ ಮುಟ್ಟಿದೆ.

ಗಡಿಗಳೂ ನಿಂತಲ್ಲಿ ನಿಲ್ಲುವುದಿಲ್ಲ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಬೇರೆಯಾಯಿತು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳು ಮಹಾನಗರ ಪಾಲಿಕೆಯೊಳಕ್ಕೆ ಬಂದವು. ಪೊಲೀಸ್ ಕಮಿಷನರ್ ಅವರ ವ್ಯಾಪ್ತಿಯ ಗಡಿ ಪಾಲಿಕೆಯ ಗಡಿಯೇ ಆಗಿರಬೇಕೆಂದೂ ಇಲ್ಲ. ನಿಮ್ಮದೇ ಕೋಲಾರವನ್ನು ನೋಡಿ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದಾಗ ಕೋಲಾರ ಜಿಲ್ಲೆಯ ಅಪರಾಧಗಳು ಒಮ್ಮೆಗೇ ಕುಸಿದಂತೆ ಕಾಣುತ್ತವೆ. ಕಳ್ಳರೇನೂ ಸಜ್ಜನರಾಗಲಿಲ್ಲ, ತಾಲ್ಲೂಕುಗಳು ಬೇರೆ ಸಾಲಿಗೆ ಹೋದವು ಅಷ್ಟೆ.

ಬ್ಯೂರೋದ ಜಿಲ್ಲಾವಾರು ಪಟ್ಟಿಯಲ್ಲಿ ಕೋಲಾರದ್ದಲ್ಲದೆ ‘ಕೆ.ಜಿ.ಎಫ್.’ ಎಂಬ ಬೇರೆಯೇ ಒಂದು ಸಾಲು ಇದೆ. ಕಂದಾಯ ಇಲಾಖೆಯ ದೃಷ್ಟಿಯಲ್ಲಿ ಒಂದೇ ಜಿಲ್ಲೆ, ಪೊಲೀಸರ ಪಾಲಿಗೆ ಎರಡು. ಅಷ್ಟು ಚಿಕ್ಕ ಪ್ರದೇಶಕ್ಕೆ ಪ್ರತ್ಯೇಕ ಎಸ್.ಪಿ. ಏಕೆ ಬೇಕಾಯಿತು? ಉತ್ತರ ನೆಲದಡಿಯಲ್ಲಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಚಿನ್ನದ ಗಣಿಗಾರಿಕೆಗೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಿತು. ಗಣಿ ಬೆಳೆದಂತೆ ಚಿನ್ನ ಕದಿಯುವ ಭಯವೂ ಬೆಳೆಯಿತು. ಮೈಸೂರು ಸಂಸ್ಥಾನ 1897ರಲ್ಲಿಯೇ ಗಣಿಗಳಿಗಾಗಿ ವಿಶೇಷ ರೆಗ್ಯುಲೇಷನ್ ತಂದಿತು. ಕೂಲಿಕಾರನ ಬಳಿ ಅದಿರಿನ ಚೂರು ಸಿಕ್ಕಿದರೆ ಅದು ಎಲ್ಲಿಂದ ಬಂತೆಂದು ಅವನೇ ಲೆಕ್ಕ ಒಪ್ಪಿಸಬೇಕಾಯಿತು. ಸಾಮಾನ್ಯ ಕಳವಿನ ಮೊಕದ್ದಮೆಯಲ್ಲಾದರೆ ಕದ್ದದ್ದನ್ನು ರುಜುವಾತು ಮಾಡಬೇಕಾದವರು ಪೊಲೀಸರು, ಇಲ್ಲಿ ಅದು ತಿರುಗುಮುರುಗಾಯಿತು.

ಇಂಥ ಕಾನೂನು, ಜೊತೆಗೆ ಪ್ರತಿ ಷಾಫ್ಟಿನ ಬಾಯಲ್ಲೂ ತಪಾಸಣೆ, ಗಲ್ಲಿಗಲ್ಲಿಗೆ ಕಾವಲು. ಹೀಗಿದ್ದಾಗ ಅಪರಾಧಗಳ ಸಂಖ್ಯೆ ಏರದೆ ಇರುತ್ತದೆಯೇ? ಆ ಏರಿಕೆಯಿಂದ ‘ಗಣಿಯ ಕೂಲಿಗಳು ಕಳ್ಳರು’ ಎಂಬ ಮಾತು ಹುಟ್ಟಿತು. ಆ ಮಾತಿನಿಂದ ಇನ್ನಷ್ಟು ಕಾವಲು, ಕಾವಲಿನಿಂದ ಇನ್ನಷ್ಟು ಪ್ರಕರಣಗಳು. ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಬೇಕೆಂದು ಹೊರಟಾಗ, 1930ರಲ್ಲಿ, ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಬೆರಳಚ್ಚು ಕೊಡುವುದು ಅಪರಾಧಿಗಳು, ನಾವಲ್ಲ ಎಂಬುದೇ ಅವರ ಸಿಟ್ಟಾಗಿತ್ತು. ಕೋಲಾರದ ಗಣಿಯ ಈ ಅಪರಾಧ-ಶಿಕ್ಷೆಗಳ ಚರಿತ್ರೆಯನ್ನು ಇತಿಹಾಸಕಾರ್ತಿ ಜಾನಕಿ ನಾಯರ್ ಆಳವಾಗಿ ಅಧ್ಯಯನ ಮಾಡಿದ್ದಾರೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸೈನೈಡ್ ಗುಡ್ಡಗಳು ಉಳಿದವು, ಪೊಲೀಸ್ ಜಿಲ್ಲೆಯೂ ಉಳಿಯಿತು.

ಇದೇ ಚಕ್ರ ಬೆಂಗಳೂರಿನಲ್ಲಿ ಹೊಸ ರೂಪದಲ್ಲಿ ತಿರುಗಿದ್ದನ್ನು ನೋಡಬೇಕಾದರೆ ಸೈಬರ್ ಅಪರಾಧಗಳ ಸಾಲನ್ನು ಓದಿ: 2017ರಲ್ಲಿ 2,743, 2018ರಲ್ಲಿ 5,253, 2019ರಲ್ಲಿ 10,555. ಮೋಸ ಹೆಚ್ಚಾದದ್ದು ನಿಜ. ಆದರೆ ಬೇರೆ ಮಹಾನಗರಗಳಿಗಿಂತ ಇಲ್ಲಿ ಹೆಚ್ಚು ಮಂದಿಯ ದೂರನ್ನು ಬರೆದುಕೊಂಡದ್ದೂ ಅಷ್ಟೇ ನಿಜ. 2019ರ ಕೊನೆಯಲ್ಲಿ ಸೈಬರ್ ಠಾಣೆಯ ಗಣಕಯಂತ್ರದ ತಂತ್ರಾಂಶ 9,999ರ ನಂತರ ಐದಂಕಿಯ ಸಂಖ್ಯೆಯನ್ನು ಒಪ್ಪದೆ ಎಫ್.ಐ.ಆರ್. ದಾಖಲಿಸುವುದೇ ನಿಂತಿತೆಂದು ಪತ್ರಿಕೆಗಳು ವರದಿ ಮಾಡಿದವು. ಬರೆಯುವ ಯಂತ್ರ ನಿಂತರೆ ಅಪರಾಧವೂ ನಿಂತಂತೆ ಕಾಣುವುದು ಹೀಗೆ.

ಹಾಗಾದರೆ ಯಾವ ಅಂಕಿಯನ್ನು ನಂಬೋಣ? ಸಾಮಾನ್ಯವಾಗಿ ಎಲ್ಲರೂ ಕೊಲೆಯನ್ನು ತೋರಿಸುತ್ತಾರೆ. ಶವವನ್ನು ಮುಚ್ಚಿಡುವುದು ಕಷ್ಟ. ಯೂರೋಪಿನ ಹಳೆಯ ದಫ್ತರಗಳಿಂದ ವಿದ್ವಾಂಸರು ಏಳುನೂರು ವರ್ಷಗಳ ಕೊಲೆಯ ದರವನ್ನು ಲೆಕ್ಕ ಹಾಕಿ, ಮಧ್ಯಯುಗಕ್ಕಿಂತ ಇಪ್ಪತ್ತನೆಯ ಶತಮಾನದಲ್ಲಿ ಅದು ಹತ್ತಾರು ಪಟ್ಟು ತಗ್ಗಿತೆಂದು ತೋರಿಸಿದ್ದಾರೆ. ಭಾರತದಲ್ಲಿ 1953ರಲ್ಲಿ ಸುಮಾರು 9,800 ಕೊಲೆಗಳು, 1992ರಲ್ಲಿ ಸುಮಾರು 40 ಸಾವಿರ, 2022ರಲ್ಲಿ 28,522. ದರದ ಲೆಕ್ಕದಲ್ಲಿ ಲಕ್ಷಕ್ಕೆ ಸುಮಾರು 2.6ರಿಂದ 4.6ಕ್ಕೆ ಏರಿ 2.1ಕ್ಕೆ ಇಳಿದಿದೆ. ಇದರಲ್ಲಿ ವೈದ್ಯರ ಪಾಲೂ ಇದ್ದೀತು. ಅಂದು ಇರಿತಕ್ಕೆ ಸಿಕ್ಕು ಸಾಯುತ್ತಿದ್ದವನು ಇಂದು ಆಸ್ಪತ್ರೆಯಲ್ಲಿ ಉಳಿದರೆ, ಪ್ರಕರಣ ‘ಕೊಲೆಯತ್ನ’ದ ಸಾಲಿಗೆ ಹೋಗುತ್ತದೆ.

ಶವವನ್ನು ಮುಚ್ಚಿಡುವುದು ಕಷ್ಟ ಎಂದೆ. ಆದರೆ ಶವ ಕಣ್ಣೆದುರಿಗೇ ಇದ್ದು, ಅದರ ಹೆಸರು ಬದಲಾಗುವುದು ಸುಲಭ. ವರದಕ್ಷಿಣೆ ಸಾವು ಎಂಬ ಪ್ರತ್ಯೇಕ ಅಪರಾಧ ದಂಡಸಂಹಿತೆಗೆ ಸೇರಿದ್ದು 1986ರಲ್ಲಿ, ಗಂಡನ ಮನೆಯವರ ಕ್ರೌರ್ಯವನ್ನು ಕುರಿತ 498-ಎ ಕಲಮು ಬಂದದ್ದು 1983ರಲ್ಲಿ. ಅದಕ್ಕೂ ಹಿಂದಿನ ಸಂಪುಟಗಳಲ್ಲಿ ಆ ಸಾಲೇ ಇಲ್ಲ. ಸಾಲು ಇಲ್ಲದ್ದರಿಂದ ಸಾವು ಇರಲಿಲ್ಲವೆಂದು ಹೇಳಲಾದೀತೆ?

ಸಾಲು ಬಂದ ಮೇಲೂ ಏನಾಯಿತೆಂದು ನೋಡಿ. 1997ರಲ್ಲಿ ಬೆಂಗಳೂರಿನಲ್ಲಿ 1,133 ಮಹಿಳೆಯರು ಅಸ್ವಾಭಾವಿಕವಾಗಿ ಸತ್ತರೆಂದು ದಾಖಲೆಗಳು ಹೇಳಿದವು. ಅದರಲ್ಲಿ ಕೊಲೆಯೆಂದು ಪರಿಗಣಿಸಿದ್ದು 157. ಆತ್ಮಹತ್ಯೆ 546. ಉಳಿದ 430 ‘ಆಕಸ್ಮಿಕ’. ಸ್ಟೌ ಸಿಡಿಯಿತು, ಅಡುಗೆ ಮಾಡುವಾಗ ಸೀರೆಗೆ ಬೆಂಕಿ ತಗುಲಿತು ಎಂಬ ಎರಡು ಸಾಲುಗಳೊಂದಿಗೆ ಕಡತಗಳು ಮುಚ್ಚಿಹೋಗುತ್ತಿದ್ದವು. ದಂಡಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ವಿಚಾರಣೆ ಮುಗಿದರೆ ಅದು ಯು.ಡಿ.ಆರ್., ಅಪರಾಧದ ಪಟ್ಟಿಗೆ ಬರುತ್ತಲೇ ಇರಲಿಲ್ಲ. ‘ವಿಮೋಚನಾ’ ಸಂಘಟನೆಯ ಮಹಿಳೆಯರು ಈ ಕಡತಗಳ ಬೆನ್ನುಹತ್ತಿ, ಸುಟ್ಟಗಾಯದ ವಾರ್ಡುಗಳಲ್ಲಿ ಕೂತು, ಸತ್ತವರ ತಾಯಿ-ತಂದೆಯರ ಮಾತು ಕೇಳಿ, ಇಷ್ಟೊಂದು ಸ್ಟೌಗಳು ಮನೆಯ ಸೊಸೆ ಹಚ್ಚಿದಾಗಲೇ ಏಕೆ ಸಿಡಿಯುತ್ತವೆ ಎಂದು ಕೇಳಿದರು. ನಾನು ಆಗ ವಿದ್ಯಾರ್ಥಿ. ನಮ್ಮ ಬೀದಿಯಲ್ಲೂ ಅಂಥ ಒಂದು ಸಾವು ಆಗಿತ್ತು, ನಾವೆಲ್ಲರೂ ‘ಸ್ಟೌ ಸಿಡಿದು’ ಎಂದೇ ಹೇಳುತ್ತಿದ್ದೆವು.

ಆ 430ರಲ್ಲಿ ನಿಜವಾದ ಆಕಸ್ಮಿಕಗಳೂ ಇದ್ದಿರಬೇಕು. ಎಷ್ಟು ಎಂಬುದನ್ನು ಆ ಪಟ್ಟಿಯಿಂದ ಯಾರೂ ಹೇಳಲಾರರು. ಬೆಂಗಳೂರಿನ ಕೊಲೆಗಳ ರೇಖೆಯನ್ನು ಗ್ರಾಫ್ ಕಾಗದದ ಮೇಲೆ ಎಳೆಯುವಾಗ 1997ರ ಬಿಂದುವನ್ನು ಎಲ್ಲಿಡಬೇಕು ಎಂಬುದು ಇಂದಿಗೂ ತೀರದ ಪ್ರಶ್ನೆ.

ಚಿತ್ರೀಕರಣದ ಕೊನೆಯ ದಿನ ಆಚಾರ್ರಿಗೆ ನಾನು ಹೇಳಿದ್ದು ಇಷ್ಟು: ಊರು ಬೆಳೆದಷ್ಟು ಕೊಲೆಗಳು ಬೆಳೆದಿಲ್ಲ, ಮಗನ ವಿಷಯದಲ್ಲಿ ದುಡ್ಡಿನ ಮೋಸದ ಫೋನ್ ಕರೆಗಳಿಗೆ ಹೆದರಿ. ಮನೆಯೊಳಗೆ ಹೆಣ್ಣುಮಕ್ಕಳಿಗೆ ಆದದ್ದು ಹೆಚ್ಚಿತೋ ತಗ್ಗಿತೋ ಎಂಬುದಕ್ಕೆ ಹಳೆಯ ಲೆಕ್ಕವನ್ನು ನಾನು ನಂಬುವುದಿಲ್ಲ.

1953ರಿಂದ ಈಚಿನ ಸಂಪುಟಗಳು ಬ್ಯೂರೋದ ಜಾಲತಾಣದಲ್ಲಿ ಸಿಗುತ್ತವೆ. ಕೋಲಾರದಿಂದಲೇ ಆರಂಭಿಸಿ. 2006 ಮತ್ತು 2008ರ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು, ಚಿಕ್ಕಬಳ್ಳಾಪುರದ ಸಾಲನ್ನು ಕೂಡಿಸಿ ನೋಡಿ. ಕೆ.ಜಿ.ಎಫ್. ಸಾಲನ್ನು ಮರೆಯಬೇಡಿ. 2024ರ ಜುಲೈ 1ರಿಂದ ದಂಡಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿರುವುದರಿಂದ, ಆ ವರ್ಷದ ಪುಟದಲ್ಲಿ ಕಲಮುಗಳ ಸಂಖ್ಯೆಯೂ ಬೇರೆಯಾಗಿರುತ್ತದೆ.