ಮನೆಯ ದೀಪಕ್ಕೆ ಎಷ್ಟು ಅಂಗಡಿ?

ಚಳ್ಳಕೆರೆಗೆ ಶೇಂಗಾ ತಂದ ರೈತ ಒಂದು ಮಂಡಿಯಲ್ಲಿ ಧಾರಣೆ ಕುದುರದಿದ್ದರೆ ಇನ್ನೊಂದಕ್ಕೆ ಹೋಗುತ್ತಾನೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಕೊಳ್ಳಲು ಬಂದವರು ನಾಲ್ಕು ಅಂಗಡಿಗಳ ಮೆಟ್ಟಿಲು ಹತ್ತಿಳಿಯದೆ ಗಂಟು ಬಿಚ್ಚುವುದಿಲ್ಲ. ಆದರೆ ಆ ರೈತನ ಕೊಳವೆ ಬಾವಿಗೂ, ಆ ಸೀರೆ ನೇಯ್ದ ಮಗ್ಗದ ಮನೆಯ ದೀಪಕ್ಕೂ ಬೇಕಾದ ಕರೆಂಟಿನ ವಿಷಯದಲ್ಲಿ ಇಂಥ ಚೌಕಾಸಿ ಇಲ್ಲ. ಇಲ್ಲಿ ಅಂಗಡಿ ಒಂದೇ. ಅದರ ಹೆಸರು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂ. ಹಿರಿಯರ ಬಾಯಲ್ಲಿ ಅದು ಇನ್ನೂ ಕೆ.ಇ.ಬಿ.

ಮೊಳಕಾಲ್ಮೂರು ತಾಲ್ಲೂಕಿನ ಉತ್ತರಕ್ಕೆ ಬಳ್ಳಾರಿ ಸೀಮೆಯಿದೆ. ಅಲ್ಲಿ ದೀಪ ಬೆಳಗುವುದು ಕಲಬುರಗಿಯ ಜೆಸ್ಕಾಂ. ಪೂರ್ವಕ್ಕೆ ರಾಯದುರ್ಗವಿದೆ, ಅಲ್ಲಿನದು ಆಂಧ್ರಪ್ರದೇಶದ ಕಂಪನಿ. ಹೀಗೆ ಮೂರು ಕಂಪನಿಗಳ ಕಂಬಗಳು ಕೆಲವೇ ಮೈಲಿಗಳ ಅಂತರದಲ್ಲಿ ನಿಂತಿವೆ. ಆದರೂ ಗಡಿಯ ಈಚೆಗಿನ ಮನೆಯವರು ಆಚೆಯ ಕಂಪನಿಯಿಂದ ಒಂದು ಯೂನಿಟ್ ಕೊಳ್ಳಲಾರರು. ಟೆಲಿಫೋನ್ ಕಂಪನಿಯನ್ನು ಬದಲಿಸುವಷ್ಟು ಸುಲಭವಾಗಿ ವಿದ್ಯುತ್ ಕಂಪನಿಯನ್ನು ಬದಲಿಸಲು ಏಕಾಗದು? ಬದಲಿಸುವಂತಾದರೆ ಬಯಲುಸೀಮೆಯ ಈ ಊರುಗಳಿಗೆ ಲಾಭವೋ ನಷ್ಟವೋ?

ಗಣಿಯಿಂದ ಮನೆಗೆ

ಮೈಸೂರು ಸಂಸ್ಥಾನದ ವಿದ್ಯುತ್ತಿಗೆ ಮೊದಲ ಗಿರಾಕಿ ಮನೆಯಲ್ಲ, ಗಣಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಟ್ಟಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಸಂಸ್ಥಾನದಲ್ಲಿ ವಿದ್ಯುತ್ ಸರ್ಕಾರದ ಕೈಯಲ್ಲಿದ್ದರೆ, ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿಯಂಥ ಊರುಗಳಲ್ಲಿ ಖಾಸಗಿ ಕಂಪನಿಗಳು ಲೈಸೆನ್ಸು ಪಡೆದು ವ್ಯಾಪಾರ ನಡೆಸಿದವು.

1910ರ ಭಾರತೀಯ ವಿದ್ಯುತ್ ಕಾಯ್ದೆಯಲ್ಲಿ ಒಂದು ಕುತೂಹಲದ ಮಾತಿತ್ತು. ಒಂದು ಊರಿಗೆ ಒಬ್ಬರಿಗೆ ಲೈಸೆನ್ಸು ಕೊಟ್ಟರೆ ಅದೇ ಊರಿಗೆ ಇನ್ನೊಬ್ಬರಿಗೆ ಕೊಡಲು ಅದು ಅಡ್ಡಿಯಾಗದು ಎಂದು ಆ ಕಾಯ್ದೆ ಹೇಳಿತ್ತು. ಎಂದರೆ ಪೈಪೋಟಿಯ ಬಾಗಿಲನ್ನು ಕಾನೂನು ಆಗಲೇ ತೆರೆದಿಟ್ಟಿತ್ತು. ಅದರೊಳಗೆ ಬಂದವರು ಮಾತ್ರ ಅಪರೂಪ. ಕಾರಣ ಸರಳ: ಒಂದೇ ಬೀದಿಯಲ್ಲಿ ಎರಡು ಸಾಲು ಕಂಬ ನೆಟ್ಟರೆ ಇಬ್ಬರಿಗೂ ಗಿಟ್ಟುವುದಿಲ್ಲ.

ಸ್ವಾತಂತ್ರ್ಯಾನಂತರ ಹೊಲದ ನಡುವಿನ ಬಾವಿಗೂ ಕಂಬ ನೆಡುವ ಹೊಣೆಯನ್ನು 1948ರ ಕಾಯ್ದೆ ರಾಜ್ಯ ವಿದ್ಯುತ್ ಮಂಡಳಿಗಳಿಗೆ ಒಪ್ಪಿಸಿತು. ನಮ್ಮಲ್ಲಿ ಮಂಡಳಿ ಹುಟ್ಟಿದ್ದು 1957ರಲ್ಲಿ. ಮಳೆ ಕಡಿಮೆಯಿರುವ ಚಳ್ಳಕೆರೆಯಂಥ ತಾಲ್ಲೂಕುಗಳಲ್ಲಿ ಪಂಪ್‌ಸೆಟ್ಟುಗಳು ಹೆಚ್ಚಿದವು, ಮಂಡಳಿಯ ನಷ್ಟವೂ ಹೆಚ್ಚಿತು. 1999ರ ಸುಧಾರಣಾ ಕಾಯ್ದೆ ಮಂಡಳಿಯನ್ನು ಕಂಪನಿಯಾಗಿಸಿ, ದರ ನಿಗದಿಯನ್ನು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ವಹಿಸಿತು. 2002ರ ಜೂನ್ 1ರಂದು ವಿತರಣೆ ಬೇರೆ ಬೇರೆ ಕಂಪನಿಗಳಿಗೆ ಹಂಚಿಹೋದಾಗ ಚಿತ್ರದುರ್ಗ ಜಿಲ್ಲೆ ಬೆಂಗಳೂರಿನ ಪಾಲಿಗೆ ಬಂತು.

ಈ ಹಂಚಿಕೆ ಸಣ್ಣ ಮಾತಲ್ಲ. ಹೆಚ್ಚು ದರ ತೆರುವ ರಾಜಧಾನಿಯ ಕಾರ್ಖಾನೆ, ಕಚೇರಿ, ಹೋಟೆಲುಗಳೂ ಪರಶುರಾಂಪುರ ಹೋಬಳಿಯ ಒಂಟಿ ಕಂಬವೂ ಒಂದೇ ಲೆಕ್ಕದ ಪುಸ್ತಕದಲ್ಲಿವೆ. ಒಂದು ಮೈಲಿ ತಂತಿ ಎಳೆದರೆ ಬೆಂಗಳೂರಿನಲ್ಲಿ ನೂರಾರು ಮನೆ ಸಿಗುತ್ತವೆ. ಇಲ್ಲಿ ಸಿಗುವುದು ಒಂದು ಹಟ್ಟಿ. ಖರ್ಚು ಬೇರೆ ಬೇರೆಯಾದರೂ ಮನೆಗೆ ಮನೆಯ ದರ ಅದಕ್ಕೆ ತಕ್ಕಂತೆ ಏರದಿರುವುದು ಈ ಕೂಡುಕುಟುಂಬದಿಂದ.

ರಸ್ತೆ ಒಂದು, ಬಸ್ಸು ಹಲವು

2003ರ ವಿದ್ಯುತ್ ಕಾಯ್ದೆ ಆಯ್ಕೆಯ ಬಾಗಿಲನ್ನು ಇನ್ನಷ್ಟು ತೆರೆಯಿತು. 1 ಮೆಗಾವಾಟ್‌ಗಿಂತ ಹೆಚ್ಚು ಬೇಕಾದ ದೊಡ್ಡ ಗ್ರಾಹಕರು ಶುಲ್ಕ ತೆತ್ತು, ಇದ್ದ ತಂತಿಯ ಮೂಲಕವೇ ಬೇರೆಯವರಿಂದ ವಿದ್ಯುತ್ ತರಿಸಿಕೊಳ್ಳುವ ದಾರಿಯಾಯಿತು. ಇದಕ್ಕೆ ಮುಕ್ತ ಪ್ರವೇಶ ಎನ್ನುತ್ತಾರೆ. ರಸ್ತೆ ಒಂದೇ, ಬಸ್ಸು ಯಾರದಾದರೂ ಆಗಬಹುದು ಎಂಬ ತತ್ತ್ವ. ಮನೆಗಳಿಗೂ ಇದನ್ನು ವಿಸ್ತರಿಸಲು ಹೊರಟದ್ದು 2022ರ ಆಗಸ್ಟ್ 8ರಂದು ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ. ರೈತ ಸಂಘಟನೆಗಳೂ ವಿದ್ಯುತ್ ನೌಕರರೂ ವಿರೋಧಿಸಿದರು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. 2024ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಆದರೆ ಆ ಆಲೋಚನೆ ಬಿದ್ದುಹೋಗಿಲ್ಲ.

ಅನುಭವ ಏನು ಹೇಳುತ್ತದೆ? ಮುಂಬಯಿಯ ಉಪನಗರಗಳಲ್ಲಿ ಟಾಟಾ ಮತ್ತು ರಿಲಯನ್ಸ್ ಎರಡಕ್ಕೂ ಲೈಸೆನ್ಸು ಇತ್ತು. 2008ರಲ್ಲಿ ಸುಪ್ರೀಂ ಕೋರ್ಟ್ ಟಾಟಾ ಕಂಪನಿಯ ಹಕ್ಕನ್ನು ಎತ್ತಿಹಿಡಿದ ಮೇಲೆ, 2009ರಿಂದ ಗ್ರಾಹಕರು ರಿಲಯನ್ಸಿನ ತಂತಿಯಲ್ಲೇ ಟಾಟಾ ಕಂಪನಿಯ ವಿದ್ಯುತ್ ಪಡೆಯಲಾರಂಭಿಸಿದರು. ಹೆಚ್ಚು ಬಳಸುವವರು ಮೊದಲು ಹೊರಟರು. ಅವರಿಂದ ಬರುತ್ತಿದ್ದ ಹಣದಲ್ಲಿ ಬಡವರ ದರ ಇಳಿಸುವ ಲೆಕ್ಕ ತಪ್ಪಿತು. ಕೊನೆಗೆ ಬಿಟ್ಟುಹೋದವರ ಮೇಲೆ ಆಯೋಗ ಹೆಚ್ಚುವರಿ ಶುಲ್ಕ ಹಾಕಬೇಕಾಯಿತು.

ಬ್ರಿಟನ್ನಿನಲ್ಲಿ 1998-99ರಲ್ಲಿ ಮನೆಮನೆಗೂ ಆಯ್ಕೆ ಸಿಕ್ಕಿತು. ದರ ಹೋಲಿಸಿ ಬದಲಿಸಿದವರಿಗೆ ಲಾಭವಾಯಿತು. 2021ರಲ್ಲಿ ಇಂಧನದ ಬೆಲೆ ಏರಿದಾಗ ಇಪ್ಪತ್ತಕ್ಕೂ ಹೆಚ್ಚು ಮಾರಾಟ ಕಂಪನಿಗಳು ಬಾಗಿಲು ಹಾಕಿದವು. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 2002ರಿಂದ ಬಹುಪಾಲು ಮನೆಗಳಿಗೆ ಆಯ್ಕೆಯಿದೆ. ಅಲ್ಲಿ ಸಗಟು ದರಕ್ಕೇ ಒಪ್ಪಿಕೊಂಡಿದ್ದ ಕುಟುಂಬಗಳು 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಸಾವಿರಾರು ಡಾಲರಿನ ಬಿಲ್ಲು ನೋಡಿ ಕಂಗೆಟ್ಟವು. ಆಯ್ಕೆ ಇರುವಲ್ಲಿ ಕರಾರಿನ ಸಣ್ಣಕ್ಷರ ಓದುವ ಹೊಣೆಯೂ ಗ್ರಾಹಕನದೇ.

ಬದಲಾಗುವುದು ಯಾವುದು?

ಕಂಪನಿ ಬದಲಿಸಿದರೆ ತಂತಿಯಲ್ಲಿ ಬರುವ ವಿದ್ಯುತ್ ಬದಲಾಗುವುದಿಲ್ಲ. ಹಲವು ಹಳ್ಳಗಳ ನೀರು ಕೆರೆ ಸೇರಿದ ಮೇಲೆ ಯಾವ ಹಳ್ಳದ್ದು ಯಾವುದೆಂದು ತೂಬಿನ ಬಳಿ ಗೊತ್ತಾಗದು, ಇದೂ ಹಾಗೆಯೇ. ಬದಲಾಗುವುದು ಬಿಲ್ಲು ಮಾತ್ರ. ಈ ಸೀಮೆಯ ಜನರ ದೂರಾದರೂ ಯಾವುದು? ವೋಲ್ಟೇಜ್ ಸಾಲದು, ಟಿ.ಸಿ. ಸುಟ್ಟರೆ ಬೇಗ ಬರದು, ತ್ರೀ ಫೇಸ್ ಕೊಡುವುದು ಅಪರಾತ್ರಿಯಲ್ಲಿ. ಮೊದಲೆರಡು ತಂತಿಯವರ ಕೆಲಸ. ಮಾರುವವರು ಹತ್ತು ಮಂದಿ ಬಂದರೂ ಸುಟ್ಟ ಟಿ.ಸಿ. ಬದಲಿಸಬೇಕಾದವರು ಅವರೇ.

ಇನ್ನು ಬಿಲ್ಲಿನ ಮಾತು. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ 2008ರಿಂದ ಉಚಿತ ವಿದ್ಯುತ್ ಇದೆ. ಗೃಹಜ್ಯೋತಿ ಯೋಜನೆಯಲ್ಲಿ 2023ರಿಂದ ಮನೆಗಳಿಗೆ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, 200 ಯೂನಿಟ್ ಮೀರದಂತೆ, ಉಚಿತ. ಬಿಲ್ಲೇ ಸೊನ್ನೆಯಾದ ಮನೆಗೆ ಅಗ್ಗದ ಅಂಗಡಿ ಹುಡುಕುವ ಗರಜಿಲ್ಲ. ಆ ಹಣ ಬರುವುದು ಸರ್ಕಾರದ ಬೊಕ್ಕಸದಿಂದ. ಹೊಸ ಕಂಪನಿಗಳು ಬೆಂಗಳೂರಿನ ದೊಡ್ಡ ಗಿರಾಕಿಗಳನ್ನು ಆರಿಸಿಕೊಂಡರೆ ಬೆಸ್ಕಾಂ ಪಾಲಿಗೆ ಉಳಿಯುವುದು ಹಟ್ಟಿ ಮತ್ತು ಹೊಲ. ಆಗ ಬೊಕ್ಕಸದ ಹೊರೆ ಏರುತ್ತದೆ, ಇಲ್ಲವೇ ದೂರದ ಕಂಬದ ದುರಸ್ತಿ ತಡವಾಗುತ್ತದೆ.

ಹಾಗೆಂದು ಗ್ರಾಹಕ ಕೈಕಟ್ಟಿ ಕೂರಬೇಕಿಲ್ಲ. ದರ ಏರಿಸುವ ಮುನ್ನ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕು. ಅದಕ್ಕೆ ಬರೆದು ಕಳಿಸಲು ಯಾರಿಗೂ ಅಡ್ಡಿಯಿಲ್ಲ. ದೂರು ತೀರದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆಯಿದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಇನ್ನೊಂದು ಆಯ್ಕೆ ನೆತ್ತಿಯ ಮೇಲೆಯೇ ಇದೆ. ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನಕ್ಕೆ ಒದಗಿದ ಬಿಸಿಲೇ ಚಳ್ಳಕೆರೆಯ ತಾರಸಿಗಳ ಮೇಲೂ ಬೀಳುತ್ತದೆ. 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ.

ಮನೆಗೂ ಅಂಗಡಿ ಆರಿಸುವ ಹಕ್ಕು ಕೊಡುವ ಕಾನೂನು ಎಂದಾದರೂ ಬಂದೀತು. ಅಂದು ಈ ಎರಡು ತಾಲ್ಲೂಕಿನವರು ಕೇಳಬೇಕಾದ ಮೊದಲ ಪ್ರಶ್ನೆ ಯೂನಿಟ್ಟಿಗೆ ಎಷ್ಟು ಎಂಬುದಲ್ಲ. ಊರಾಚೆಯ ಕೊನೆಯ ಕಂಬದ ಖರ್ಚು ಯಾರ ಲೆಕ್ಕಕ್ಕೆ ಎಂಬುದು.